ಕಾಯಿಕೊರಕದ ಬಿಳಿ ಬೂಷ್ಟು ಮತ್ತು ರಕ್ತದ ಹೆಪ್ಪು

ಮುಂಗಾರಿನ ಕೊನೆಯ ದಿನಗಳಲ್ಲಿ, ವನಗೂರು-ಹೆತ್ತೂರು ಭಾಗದ ತೋಟಗಳಲ್ಲಿ ಬಿಸಿಲು ಇನ್ನೂ ಅಪರೂಪವಾಗಿರುವಾಗ, ರೊಬಸ್ಟಾ ಗಿಡದ ಒಳಗಿನ ರೆಕ್ಕೆಗಳನ್ನು ಎತ್ತಿ ನೋಡಿದರೆ ಕೆಲವು ಕಾಯಿಗಳ ಹೊಕ್ಕುಳಿನಲ್ಲಿ ಗುಂಡುಸೂಜಿ ಚುಚ್ಚಿದಂತಹ ತೂತು ಕಾಣುತ್ತದೆ. ಅದು ಕಾಯಿಕೊರಕದ ಕೆಲಸವೆಂದು ಸದಸ್ಯರಿಗೆ ಹೇಳಬೇಕಾಗಿಲ್ಲ. ಅಂತಹ ತೂತುಗಳಲ್ಲಿ ಕೆಲವಕ್ಕೆ ಸುಣ್ಣದ ಬಿರಡೆ ಹಾಕಿದಂತೆ ಬೆಳ್ಳನೆಯ ಬೂಷ್ಟು ಅಂಟಿಕೊಂಡಿರುತ್ತದೆ. ತೂತಿನ ಬಾಯಲ್ಲಿಯೇ ಸತ್ತುಬಿದ್ದ ಕೊರಕದ ಮೈಯಿಂದ ಹೊರಬಂದ ಬೂಷ್ಟು ಅದು. ಹೆಸರು ಬವೇರಿಯಾ ಬ್ಯಾಸಿಯಾನ. ಪೊಟ್ಟಣದಲ್ಲಿ ಪುಡಿಯಾಗಿ ಬರುವುದೂ ಇದೇ, ನಮ್ಮ ಕಾಡಿನ ನೆರಳಿನಲ್ಲಿ ತಾನಾಗಿ ಹುಟ್ಟುವುದೂ ಇದೇ.

ಈ ಬೂಷ್ಟಿನ ವಿಚಾರವಾಗಿ ಕೆಲವು ಸದಸ್ಯರು ನಮ್ಮನ್ನು ಒಂದು ಪ್ರಶ್ನೆ ಕೇಳಿದ್ದಾರೆ. ಹುಳುವನ್ನು ಕೊಲ್ಲುವ ಬೂಷ್ಟುಗಳಲ್ಲಿ ರಕ್ತದ ಹೆಪ್ಪನ್ನು ಕರಗಿಸುವ ವಸ್ತು ಇದೆಯಂತೆ, ಹೃದಯಾಘಾತಕ್ಕೆ ಅದೇ ಔಷಧವಂತೆ, ನಿಜವೇ? ಪ್ರಶ್ನೆಯ ಮೊದಲರ್ಧ ನಿಜ. ಎರಡನೆಯ ಅರ್ಧ ಇಂದಿಗೂ ನಿಜವಲ್ಲ. ಈ ಎರಡನ್ನು ಒಂದೇ ಎಂದು ತಿಳಿದರೆ ಪ್ರಾಣಕ್ಕೇ ಅಪಾಯವಾಗಬಹುದಾದ್ದರಿಂದ ಈ ಸಂಚಿಕೆಯಲ್ಲಿ ವಿಷಯವನ್ನು ಸ್ವಲ್ಪ ವಿವರವಾಗಿಯೇ ತಿಳಿಯೋಣ.

ಹುಳುವಿನ ಚರ್ಮ ದಾಟುವ ಬಗೆ

ಈ ಬೂಷ್ಟನ್ನು ಲೋಕಕ್ಕೆ ಮೊದಲು ಪರಿಚಯಿಸಿದ್ದು ಕಾಫಿಯಲ್ಲ, ರೇಷ್ಮೆ. ಇಟಲಿಯ ಲೋದಿ ಪಟ್ಟಣದ ಕಡೆಯ ಅಗಸ್ಟಿನೊ ಬಾಸ್ಸಿ ಎಂಬುವರು ರೇಷ್ಮೆಹುಳು ಸತ್ತು ಸುಣ್ಣದ ಕಡ್ಡಿಯಂತಾಗುವ ರೋಗವನ್ನು ವರ್ಷಗಟ್ಟಲೆ ಪರೀಕ್ಷಿಸಿ, ಅದಕ್ಕೆ ಕಾರಣ ಒಂದು ಜೀವಂತ ಬೂಷ್ಟು ಎಂದು 1835ರಲ್ಲಿ ತೋರಿಸಿಕೊಟ್ಟರು. ಸೂಕ್ಷ್ಮಜೀವಿಯಿಂದ ರೋಗ ಬರುತ್ತದೆಂಬುದನ್ನು ಪಾಶ್ಚರ್ ಸಿದ್ಧಪಡಿಸುವುದಕ್ಕೂ ಮೊದಲಿನ ಮಾತಿದು. ಬಾಸ್ಸಿಯವರ ನೆನಪಿಗಾಗಿಯೇ 'ಬ್ಯಾಸಿಯಾನ' ಎಂಬ ಹೆಸರು. ನಮ್ಮ ಬಯಲುಸೀಮೆಯ ರೇಷ್ಮೆ ಬೆಳೆಗಾರರು 'ಸುಣ್ಣಕಟ್ಟು ರೋಗ' ಎಂದು ಹೆದರುವುದು ಇದಕ್ಕೇ. ಅವರಿಗೆ ಶತ್ರುವಾದದ್ದು ನಮಗೆ ಮಿತ್ರ. ಆದುದರಿಂದ ರೇಷ್ಮೆ ಸಾಕುವ ಮನೆಯ ಹತ್ತಿರ ಈ ಪುಡಿಯನ್ನು ಸಿಂಪಡಿಸಬಾರದು.

ನಮ್ಮ ದೇಶದಲ್ಲಿ ಕಾಯಿಕೊರಕವು ಮೊದಲು ಕಂಡುಬಂದದ್ದು 1990ರಲ್ಲಿ, ನೀಲಗಿರಿಯ ಗೂಡಲೂರಿನಲ್ಲಿ. ಅಲ್ಲಿಂದ ಅದು ಕೊಡಗಿಗೂ ನಮ್ಮ ಜಿಲ್ಲೆಗೂ ಹರಡಿದ ಮೇಲೆ ಕಾಫಿ ಮಂಡಳಿಯವರು ಬವೇರಿಯಾವನ್ನು ಹತೋಟಿ ಕ್ರಮಗಳಲ್ಲಿ ಒಂದಾಗಿ ಸೇರಿಸಿದರು. ಆದರೆ ಹುಳು ತಿನ್ನುವ ಬೂಷ್ಟು ಕಾಫಿ ತೋಟಕ್ಕೆ ಹೊಸದೇನೂ ಅಲ್ಲ. ಕಾಫಿಯ ಹಸಿರು ತಿಗಣೆಯ ಮೇಲೆ ಬಿಳಿ ಉಂಗುರದಂತೆ ಬೆಳೆಯುವ ಇನ್ನೊಂದು ಬೂಷ್ಟನ್ನು ತೋಟದಲ್ಲಿ ಸಿಂಪಡಿಸಿ ನೋಡಿದ ಕೊಯಮತ್ತೂರಿನ ವಿಜ್ಞಾನಿಗಳ ವರದಿ 1978ರಲ್ಲಿಯೇ ಬಂದಿದೆ. ಗೊಬ್ಬರದ ಗುಂಡಿಯಲ್ಲಿನ ಕುರುವಾಯಿ ದುಂಬಿಯ ಮರಿಗಳಿಗೆ ಹಾಕುವ ಹಸಿರು ಬಣ್ಣದ ಮೆಟಾರೈಜಿಯಂ ಮೂರನೆಯದು. ಅದನ್ನು ತೆಂಗು-ಅಡಿಕೆ ಬೆಳೆಗಾರರು ಬಲ್ಲರು.

ಇವು ಮೂರೂ ಕೊಲ್ಲುವ ರೀತಿ ಒಂದೇ. ರಾಸಾಯನಿಕ ವಿಷವಾದರೆ ಹುಳುವಿನ ನರಕ್ಕೆ ಏಟು ಕೊಡುತ್ತದೆ. ಬೂಷ್ಟಿಗೆ ಆ ಅವಸರವಿಲ್ಲ. ಬೂಷ್ಟಿನ ಬೀಜಕಣವು ಹುಳುವಿನ ಮೈಗೆ ಅಂಟಿಕೊಂಡು, ಗಾಳಿಯ ತೇವದಿಂದಲೇ ಮೊಳೆಯುತ್ತದೆ. ಹುಳುವಿನ ಹೊರಚರ್ಮ ಸಾಮಾನ್ಯವಾದುದಲ್ಲ. ಮೇಲೆ ಮೇಣದಂತಹ ತೆಳುಪದರ, ಅದರಡಿ ಕೈಟಿನ್ ಎಂಬ ಗಟ್ಟಿ ನಾರು, ಆ ನಾರುಗಳನ್ನು ಗಾರೆಯಂತೆ ಬೆಸೆದಿರುವ ಪ್ರೋಟೀನು, ಅಂದರೆ ಸಸಾರಜನಕ. ಮೊಳಕೆಯು ಒತ್ತಡದಿಂದ ಕೊರೆಯುವುದರ ಜೊತೆಗೆ ಮೂರು ಬಗೆಯ ಕಿಣ್ವಗಳನ್ನು ಸ್ರವಿಸುತ್ತದೆ: ಮೇಣವನ್ನು ಕರಗಿಸುವುದೊಂದು, ಕೈಟಿನ್ ಕತ್ತರಿಸುವುದೊಂದು, ಪ್ರೋಟೀನನ್ನು ಕತ್ತರಿಸುವುದೊಂದು. ಗಾರೆ ಸಡಿಲವಾದ ಮೇಲೆ ಕಲ್ಲು ಕೀಳುವುದು ಸುಲಭವಲ್ಲವೇ? ಹಾಗೆಯೇ ಪ್ರೋಟೀನು ಕತ್ತರಿಸುವ ಕಿಣ್ವದ್ದೇ ಇಲ್ಲಿ ಮುಖ್ಯ ಪಾತ್ರ. ಮೆಟಾರೈಜಿಯಂನಲ್ಲಿ ಈ ಕಿಣ್ವವನ್ನು 1980ರ ದಶಕದಲ್ಲಿ ಪ್ರತ್ಯೇಕಿಸಿ 'ಪಿಆರ್-1' ಎಂದು ಹೆಸರಿಟ್ಟರು. ಅದರ ಸೋದರ ಕಿಣ್ವ ಬವೇರಿಯಾದಲ್ಲಿಯೂ ಇದೆ. ಒಳಹೊಕ್ಕ ಬೂಷ್ಟು ಹುಳುವಿನ ಒಡಲ ದ್ರವದಲ್ಲಿ ಬೆಳೆದು, ಕೆಲವು ದಿನಗಳಿಂದ ವಾರದೊಳಗೆ ಅದನ್ನು ಕೊಂದು, ತೇವವಿದ್ದರೆ ಹೊರಬಂದು ಬೆಳ್ಳಗಾಗುತ್ತದೆ. ಸಿಂಪಡಿಸಿದ ಮಾರನೆಯ ದಿನವೇ ಹುಳು ಸಾಯಲಿಲ್ಲವೆಂದು ಬೇಸರಪಡುವವರು ಈ ಲೆಕ್ಕವನ್ನು ಗಮನಿಸಬೇಕು.

ಕಿಣ್ವವೆಂದರೆ ಏನೆಂದು ಕಾಫಿ ಬೆಳೆಗಾರನಿಗೆ ದೂರದ ಉದಾಹರಣೆ ಬೇಕಿಲ್ಲ. ಪಲ್ಪ್ ಮಾಡಿದ ಬೀಜವನ್ನು ತೊಟ್ಟಿಯಲ್ಲಿ ಹುದುಗಲು ಬಿಟ್ಟರೆ ಅದರ ಲೋಳೆ ಬಿಟ್ಟುಕೊಂಡು, ತೊಳೆದಾಗ ಬೀಜ ಕೈಗೆ ಗರಗರ ಎನ್ನುತ್ತದೆ. ಲೋಳೆಯನ್ನು ಕರಗಿಸಿದ್ದು ಕಿಣ್ವ. ಅದು ಲೋಳೆಯನ್ನು ಕರಗಿಸಿತೇ ಹೊರತು ಒಳಗಿನ ಹೊಟ್ಟನ್ನು ಮುಟ್ಟಲಿಲ್ಲ. ಒಂದೊಂದು ಕಿಣ್ವಕ್ಕೆ ಒಂದೊಂದು ಕೆಲಸ. ಆದರೆ ಕೆಲವು ಕಿಣ್ವಗಳು ಕೆಲಸದಲ್ಲಿ ಅಷ್ಟು ಕಟ್ಟುನಿಟ್ಟಾಗಿರುವುದಿಲ್ಲ. ನಮ್ಮ ಬೂಷ್ಟಿನ ಪ್ರೋಟೀನು ಕತ್ತರಿ ಅಂತಹದು.

ಹೆಪ್ಪು ಕಟ್ಟುವುದೂ ಕರಗುವುದೂ

ಇನ್ನು ರಕ್ತದ ಕಡೆಗೆ ಬರೋಣ. ಕತ್ತಿ ತಾಗಿ ಬೆರಳು ಕೊಯ್ದರೆ ಐದಾರು ನಿಮಿಷದಲ್ಲಿ ರಕ್ತ ನಿಲ್ಲುತ್ತದೆ. ರಕ್ತದಲ್ಲಿ ಕರಗಿಕೊಂಡಿರುವ ಫೈಬ್ರಿನೋಜನ್ ಎಂಬ ಪ್ರೋಟೀನು, ಗಾಯವಾದಾಗ ಫೈಬ್ರಿನ್ ಎಂಬ ಎಳೆಗಳಾಗಿ ಬಲೆ ಕಟ್ಟುತ್ತದೆ. ಮಳೆಗಾಲದಲ್ಲಿ ಹಳ್ಳದ ಮೋರಿಗೆ ನಾಲ್ಕು ಬಿದಿರು ಅಡ್ಡ ಬಿದ್ದರೆ ತರಗು, ಕಸ, ಮಣ್ಣು ಎಲ್ಲ ಸಿಕ್ಕಿಕೊಂಡು ಕಟ್ಟೆಯಾಗುವಂತೆ, ಈ ಬಲೆಗೆ ರಕ್ತಕಣಗಳು ಸಿಕ್ಕಿ ಗರಣೆಯಾಗುತ್ತದೆ. ಗಾಯ ಮಾಗುತ್ತ ಬಂದಂತೆ ದೇಹವೇ ಪ್ಲಾಸ್ಮಿನ್ ಎಂಬ ಕಿಣ್ವದಿಂದ ಆ ಬಲೆಯನ್ನು ಕತ್ತರಿಸಿ ತೆಗೆಯುತ್ತದೆ. ಪ್ಲಾಸ್ಮಿನ್ ಸದಾ ಎಚ್ಚರವಾಗಿದ್ದರೆ ರಕ್ತಸ್ರಾವ ನಿಲ್ಲುವುದೇ ಇಲ್ಲ. ಆದುದರಿಂದ ಅದು ಪ್ಲಾಸ್ಮಿನೋಜನ್ ಎಂಬ ನಿದ್ರಿಸುವ ರೂಪದಲ್ಲಿರುತ್ತದೆ. ಬೇಕಾದಾಗ ಮಾತ್ರ ಅದನ್ನು ಎಬ್ಬಿಸಲಾಗುತ್ತದೆ.

ಇದೇ ಗರಣೆ ಗಾಯವಿಲ್ಲದ ಕಡೆ, ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ಸಣ್ಣ ನಾಳದಲ್ಲಿ ಕಟ್ಟಿದರೆ ಹೃದಯಾಘಾತ. ಮಿದುಳಿನ ನಾಳದಲ್ಲಿ ಕಟ್ಟಿದರೆ ಪಾರ್ಶ್ವವಾಯು.

ಇಲ್ಲಿ ಒಂದು ಭೇದವನ್ನು ತಿಳಿದಿರಬೇಕು. ಮಳೆಗಾಲದಲ್ಲಿ ಇಂಬಳ ಕಚ್ಚಿ ಬಿಟ್ಟ ಜಾಗದಲ್ಲಿ ಗಂಟೆಗಟ್ಟಲೆ ರಕ್ತ ಒಸರುವುದು ನಮಗೆಲ್ಲ ಗೊತ್ತು. ಆ ಜಾತಿಯ ಜೀವಿಗಳ ಎಂಜಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಸ್ತುವಿದೆ ಎಂಬುದನ್ನು ಜಾನ್ ಹೇಕ್ರಾಫ್ಟ್ ಎಂಬುವರು ಜಿಗಣೆಯನ್ನು ಪರೀಕ್ಷಿಸಿ 1884ರಲ್ಲಿ ಕಂಡುಹಿಡಿದರು. ಇಲಿಗೆ ಇಡುವ ಬ್ರೋಮಡಯಲೋನ್ ಬಿಲ್ಲೆಯೂ ಹೆಪ್ಪು ಕಟ್ಟದಂತೆ ಮಾಡಿಯೇ ಕೊಲ್ಲುವುದು. ಇವೆಲ್ಲ ಹೆಪ್ಪು ಕಟ್ಟುವುದನ್ನು ತಡೆಯುವ ವಸ್ತುಗಳು. ಆಗಲೇ ಕಟ್ಟಿದ ಹೆಪ್ಪನ್ನು ಕರಗಿಸಲಾರವು. ಕಟ್ಟಿದ್ದನ್ನು ಕರಗಿಸುವ ವಸ್ತುವೇ ಬೇರೆ, ಅದು ಸಿಗುವುದೂ ವಿರಳ.

ಅಂತಹ ಮೊದಲ ವಸ್ತು ಬ್ಯಾಕ್ಟೀರಿಯಾದಿಂದ ಬಂತು. ಗಂಟಲುನೋವು ತರುವ ಸ್ಟ್ರೆಪ್ಟೋಕಾಕಸ್ ಎಂಬ ಜೀವಾಣು ಮನುಷ್ಯರ ಹೆಪ್ಪನ್ನು ಕರಗಿಸುತ್ತದೆಂದು ಅಮೆರಿಕದ ವಿಲಿಯಂ ಟಿಲೆಟ್ ಮತ್ತು ಅವರ ಸಂಗಡಿಗರು 1933ರಲ್ಲಿ ತೋರಿಸಿದರು. ಸ್ಟ್ರೆಪ್ಟೋಕೈನೇಸ್ ಎಂಬ ಔಷಧ ಹುಟ್ಟಿದ್ದು ಹೀಗೆ. ಅದು ತಾನೇ ಬಲೆಯನ್ನು ಕತ್ತರಿಸುವುದಿಲ್ಲ, ನಿದ್ರಿಸುವ ಪ್ಲಾಸ್ಮಿನೋಜನ್ನನ್ನು ಎಬ್ಬಿಸುತ್ತದೆ. 1988ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ ಹಲವು ದೇಶಗಳ 417 ಆಸ್ಪತ್ರೆಗಳ 17,187 ಹೃದಯಾಘಾತದ ರೋಗಿಗಳನ್ನು ಪರೀಕ್ಷಿಸಿದರು. ಸ್ಟ್ರೆಪ್ಟೋಕೈನೇಸ್ ಮತ್ತು ಆಸ್ಪಿರಿನ್ ಎರಡನ್ನೂ ಪಡೆದವರಲ್ಲಿ ಐದು ವಾರಗಳೊಳಗೆ ಸತ್ತವರು ನೂರಕ್ಕೆ 8. ಎರಡನ್ನೂ ಪಡೆಯದವರಲ್ಲಿ ನೂರಕ್ಕೆ 13ಕ್ಕಿಂತ ಸ್ವಲ್ಪ ಹೆಚ್ಚು. ಒಂದು ವಸ್ತುವನ್ನು ಔಷಧವೆಂದು ಕರೆಯಲು ಇಷ್ಟು ಪ್ರಮಾಣದ ಸಾಕ್ಷ್ಯ ಬೇಕು. ಬೂಷ್ಟಿನ ವಿಚಾರಕ್ಕೆ ಬಂದಾಗ ಈ ಅಳತೆಗೋಲನ್ನು ಮರೆಯಬಾರದು.

ಬೂಷ್ಟಿನ ಕಿಣ್ವ ಹೆಪ್ಪನ್ನು ಕರಗಿಸುವುದೇಕೆ?

ಹುಳುವಿನ ಮೈಯಲ್ಲಿ ಫೈಬ್ರಿನ್ ಇಲ್ಲವೇ ಇಲ್ಲ. ಅವುಗಳ ಒಡಲ ದ್ರವ ಗಟ್ಟಿಯಾಗುವುದು ಬೇರೆಯೇ ಪ್ರೋಟೀನುಗಳಿಂದ. ಹೀಗಿರುವಲ್ಲಿ ಹುಳುವನ್ನು ತಿನ್ನುವ ಬೂಷ್ಟಿಗೆ ಮನುಷ್ಯನ ಹೆಪ್ಪಿನ ಗೊಡವೆ ಏಕೆ? ಗೊಡವೆಯೇನೂ ಇಲ್ಲ, ಅದು ಕೇವಲ ಆಕಸ್ಮಿಕ. ಗಟ್ಟಿ ಪ್ರೋಟೀನಿನ ಗಾರೆಯನ್ನು ಕತ್ತರಿಸಲು ಹರಿತವಾದ ಕತ್ತರಿಗೆ ಫೈಬ್ರಿನ್ನಿನ ಎಳೆಯೂ ಸಿಕ್ಕಿಕೊಳ್ಳುತ್ತದೆ, ಅಷ್ಟೇ. ಜಪಾನಿನಲ್ಲಿ ಸೋಯಾ ಅವರೆಯನ್ನು ಹುದುಗಿಸಿ ತಿನ್ನುವ 'ನಾಟ್ಟೊ' ಎಂಬ ಪದಾರ್ಥದಲ್ಲಿ ಹೆಪ್ಪು ಕರಗಿಸುವ ಕಿಣ್ವವಿದೆಯೆಂದು ಹಿರೋಯುಕಿ ಸುಮಿ ಎಂಬ ವಿಜ್ಞಾನಿ 1987ರಲ್ಲಿ ವರದಿ ಮಾಡಿದರು. ಆ ನಾಟ್ಟೊಕೈನೇಸ್ ಕಿಣ್ವವೂ ನಮ್ಮ ಬೂಷ್ಟಿನ ಪಿಆರ್-1 ಕಿಣ್ವವೂ ರಚನೆಯಲ್ಲಿ ಒಂದೇ ಮನೆತನಕ್ಕೆ ಸೇರಿದವು. ಒಂದು ಹುದುಗಿದ ಅವರೆಯಿಂದ, ಇನ್ನೊಂದು ಸತ್ತ ಹುಳುವಿನಿಂದ!

ಪರೀಕ್ಷಿಸುವ ವಿಧಾನವೂ ಸರಳ. ಗಾಜಿನ ತಟ್ಟೆಯಲ್ಲಿ ಫೈಬ್ರಿನ್ನಿನ ತೆಳುಪದರವನ್ನು ಹಾಲುಬಾಯಿಯಂತೆ ಹೆಪ್ಪುಗಟ್ಟಿಸಿ, ಅದರ ಮೇಲೆ ಬೂಷ್ಟು ಬೆಳೆಸಿದ ದ್ರವದ ಒಂದು ತೊಟ್ಟು ಹಾಕಿ, ದೇಹದಷ್ಟು ಬಿಸಿಯಲ್ಲಿ ಕೆಲವು ಗಂಟೆ ಇಡುತ್ತಾರೆ. ಕಿಣ್ವವಿದ್ದರೆ ತೊಟ್ಟಿನ ಸುತ್ತ ತಿಳಿಯಾದ ವೃತ್ತ ಮೂಡುತ್ತದೆ. ವೃತ್ತ ದೊಡ್ಡದಾದಷ್ಟೂ ಕಿಣ್ವ ಜೋರು. ಹುಳು ತಿನ್ನುವ ಬೂಷ್ಟುಗಳ ಪೈಕಿ ಕಾರ್ಡಿಸೆಪ್ಸ್ ಮಿಲಿಟಾರಿಸ್ ಎಂಬುದರ ಕಿಣ್ವವನ್ನು ಹೀಗೆ ಶುದ್ಧಮಾಡಿ 2006ರಲ್ಲಿ ವಿವರಿಸಿದರು. ರೇಷ್ಮೆಹುಳುವಿನ ಮೇಲೆ ಬೆಳೆಯುವ ಇನ್ನೊಂದು ಬೂಷ್ಟಿನ ಕಿಣ್ವದ ವಿವರವೂ ಮುಂದೆ ಬಂತು. ಮಾಸ್ಕೋ ವಿಶ್ವವಿದ್ಯಾಲಯದ ಸಂಶೋಧಕರು ಇಂತಹ ಹಲವು ಬೂಷ್ಟುಗಳನ್ನು ಹೋಲಿಸಿ, ಕೆಲವು ನೇರವಾಗಿ ಬಲೆಯನ್ನು ಕತ್ತರಿಸುತ್ತವೆ, ಕೆಲವು ಪ್ಲಾಸ್ಮಿನೋಜನ್ನನ್ನೂ ಎಬ್ಬಿಸುತ್ತವೆ ಎಂದು ತೋರಿಸಿದ್ದಾರೆ.

ಹಾಗಾದರೆ ಔಷಧವೇಕೆ ಆಗಲಿಲ್ಲ? ಮೇಲೆ ಹೇಳಿದ ಗುಣವೇ ಇಲ್ಲಿ ದೋಷ. ತಟ್ಟೆಯ ಮೇಲೆ ಫೈಬ್ರಿನ್ ಒಂದೇ ಇರುತ್ತದೆ. ರಕ್ತದಲ್ಲಿ ಹಾಗಲ್ಲ. ಕತ್ತರಿ ಹೆಪ್ಪನ್ನೂ ಕತ್ತರಿಸೀತು, ಹೆಪ್ಪು ಕಟ್ಟಲು ಬೇಕಾದ ಫೈಬ್ರಿನೋಜನ್ನನ್ನೂ ಕತ್ತರಿಸೀತು. ಜೊತೆಗೆ, ಹೊರಗಿನಿಂದ ಬಂದ ಇಂತಹ ಕತ್ತರಿಗಳನ್ನು ಹಿಡಿದು ಕಟ್ಟಿಹಾಕುವ ವಸ್ತುಗಳು ರಕ್ತದಲ್ಲಿಯೇ ಇವೆ. ಅವುಗಳ ಪ್ರಮಾಣ ಒಬ್ಬೊಬ್ಬರಲ್ಲಿ ಒಂದೊಂದು ತೆರನಾಗಿರುವುದರಿಂದ ಎಷ್ಟು ಕೊಟ್ಟರೆ ಸಾಕು, ಎಷ್ಟು ಕೊಟ್ಟರೆ ಹೆಚ್ಚು ಎಂದು ಹೇಳುವುದು ಕಷ್ಟ. ಇದು ಬರಿಯ ಊಹೆಯಲ್ಲ. ಆಸ್ಪರ್ಜಿಲಸ್ ಒರೈಜೆ ಎಂಬ ಬೂಷ್ಟಿನಿಂದ ತೆಗೆದ ಬ್ರೈನೇಸ್ ಎಂಬ ಕಿಣ್ವವನ್ನು 1960-70ರ ದಶಕಗಳಲ್ಲಿ ಯುರೋಪಿನಲ್ಲಿ ರೋಗಿಗಳಿಗೆ ಕೊಟ್ಟೇ ನೋಡಿದರು. ಅದು ಚಿಕಿತ್ಸೆಯಲ್ಲಿ ನಿಲ್ಲಲಿಲ್ಲ. ಇಂದು ತಾಲೂಕು ಆಸ್ಪತ್ರೆಗಳಿಗೂ ಬಂದಿರುವ ಟೆನೆಕ್ಟಿಪ್ಲೇಸ್ ಎಂಬ ಚುಚ್ಚುಮದ್ದು ಮನುಷ್ಯನ ದೇಹದ್ದೇ ಆದ ಕಿಣ್ವವನ್ನು ತಿದ್ದಿ ತಯಾರಿಸಿದ್ದು. ಹೆಪ್ಪಿನ ಮೇಲೆ ಕುಳಿತಾಗಲೇ ಅದರ ಕೆಲಸ ಹೆಚ್ಚು. ರೋಗಿಯ ತೂಕ ನೋಡಿ ಒಂದೇ ಸಲಕ್ಕೆ ಕೊಡುತ್ತಾರೆ. ಅದರಿಂದಲೂ ಸಾವಿರದಲ್ಲಿ ಕೆಲವರಿಗೆ ಮಿದುಳಿನಲ್ಲಿ ರಕ್ತಸ್ರಾವವಾಗುವುದುಂಟು ಎಂದ ಮೇಲೆ, ಅಳತೆ ತಿಳಿಯದ ಕತ್ತರಿಯ ಮಾತೇನು?

ಹಾಗೆಂದು ಹುಳುವಿನ ಬೂಷ್ಟಿನಿಂದ ಔಷಧವೇ ಬಾರದೆನ್ನುವಂತಿಲ್ಲ. ಮೂತ್ರಪಿಂಡ ಬದಲಾಯಿಸಿದವರು ನುಂಗುವ ಸೈಕ್ಲೋಸ್ಪೋರಿನ್ ದೊರೆತದ್ದು ನಾರ್ವೆಯ ಮಣ್ಣಿನಲ್ಲಿ ಸಿಕ್ಕ ಬೂಷ್ಟಿನಿಂದ. ಅದು ದುಂಬಿಯ ಮರಿಗಳನ್ನು ತಿನ್ನುವ ಬೂಷ್ಟೆಂದು 1996ರಲ್ಲಿ ಗೊತ್ತಾಯಿತು. ಹೆಪ್ಪು ಕರಗಿಸುವ ವಿಷಯದಲ್ಲಿಯೂ ಮುಂದೊಂದು ದಿನ ಅಂತಹ ಸುದ್ದಿ ಬರಬಹುದು. ನಮ್ಮ ಅಭಿಪ್ರಾಯದಲ್ಲಿ ಇದು ಕಾದು ನೋಡತಕ್ಕ ವಿಷಯ, ಕೊಂಡು ತಿನ್ನತಕ್ಕ ವಿಷಯವಲ್ಲ.

ಕೊಂಡು ತಿನ್ನುವ ಮಾತು ಏಕೆ ಬಂತೆಂದರೆ, ಹಿಮಾಲಯದ 'ಕೀಡಾ ಜಡಿ' ಎಂದೂ ಕಾರ್ಡಿಸೆಪ್ಸ್ ಗುಳಿಗೆ ಎಂದೂ ರಕ್ತ ಶುದ್ಧಿಗಾಗಿ, ಹೃದಯಕ್ಕಾಗಿ ಮಾರುವವರು ಈಗ ಎಲ್ಲೆಡೆ ಇದ್ದಾರೆ. ಕಿಣ್ವವೆಂದರೆ ಪ್ರೋಟೀನು. ನುಂಗಿದ ಪ್ರೋಟೀನಿನ ಬಹುಪಾಲು ಬೇಳೆಯಂತೆಯೇ ಹೊಟ್ಟೆಯಲ್ಲಿ ಜೀರ್ಣವಾಗುತ್ತದೆ. ಹೃದಯಾಘಾತದ ಹೊತ್ತಿನಲ್ಲಿ ಗುಳಿಗೆಯಿಂದ ನಾಳ ತೆರೆಯುತ್ತದೆ ಎನ್ನಲು ಸಾಕ್ಷ್ಯವಿಲ್ಲ. ಮೊದಲೇ ವಾರ್ಫರಿನ್ ಮುಂತಾದ ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಇಂತಹವನ್ನು ಸೇರಿಸಲೇಬಾರದು. ಬವೇರಿಯಾ ಪೊಟ್ಟಣದ ಪುಡಿಯನ್ನಂತೂ ಯಾರೂ ಬಾಯಿಗೆ ಹಾಕಕೂಡದು. ಮನುಷ್ಯನ ಮೈಬಿಸಿಯಲ್ಲಿ ಆ ಬೂಷ್ಟು ಸರಿಯಾಗಿ ಬೆಳೆಯಲಾರದೆಂಬುದು ನಿಜ. ಆದರೂ ಕಣ್ಣಿಗೆ ಸೋಂಕಾದ ಅಪರೂಪದ ಪ್ರಕರಣಗಳಿವೆ, ಧೂಳಿನಿಂದ ಅಲರ್ಜಿಯೂ ಆಗುತ್ತದೆ. ಕಲಸುವಾಗ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳುವುದು ಒಳ್ಳೆಯದು.

ಎದೆನೋವು ಬಂದಾಗ

2025ರ ಮೇ-ಜೂನ್ ತಿಂಗಳುಗಳಲ್ಲಿ ನಮ್ಮ ಹಾಸನ ಜಿಲ್ಲೆಯಲ್ಲಿ ಹೃದಯಾಘಾತದಿಂದ ಇಪ್ಪತ್ತಕ್ಕೂ ಹೆಚ್ಚು ಮಂದಿ, ಅವರಲ್ಲಿ ಕೆಲವರು ಚಿಕ್ಕ ವಯಸ್ಸಿನವರು, ತೀರಿಕೊಂಡರೆಂಬ ಸುದ್ದಿ ಹರಡಿ ಜನ ಕಂಗಾಲಾದದ್ದನ್ನು ಯಾರೂ ಮರೆತಿಲ್ಲ. ಜಯದೇವ ಆಸ್ಪತ್ರೆಗಳ ಮುಂದೆ ಜನ ಸಾಲುಗಟ್ಟಿದರು. ಜಯದೇವ ಸಂಸ್ಥೆಯ ನಿರ್ದೇಶಕರಾಗಿದ್ದ ಡಾ. ಕೆ. ಎಸ್. ರವೀಂದ್ರನಾಥ್ ಅವರ ನೇತೃತ್ವದ ಸಮಿತಿಯು ಪರಿಶೀಲಿಸಿ, ಸಾವಿನ ಸಂಖ್ಯೆಯಲ್ಲಿ ಅಸಹಜ ಏರಿಕೆ ಕಂಡುಬಂದಿಲ್ಲವೆಂದು ವರದಿ ಕೊಟ್ಟಿತು. ಭಯ ತಗ್ಗಿತು, ಸರಿ. ಆದರೆ ಹೃದಯಾಘಾತ ನಮ್ಮ ಹಳ್ಳಿಗಳಿಗೆ ಬಾರದೆಂದು ಆ ವರದಿ ಹೇಳಿಲ್ಲ.

ನಮ್ಮ ಕಡೆಯ ತೊಂದರೆ ದಾರಿಯದು. ವನಗೂರಿನಿಂದ ಹೆತ್ತೂರು ದಾಟಿ ಸಕಲೇಶಪುರ ಮುಟ್ಟುವ ಹೊತ್ತಿಗೆ, ಅದೂ ಮಳೆಯ ರಾತ್ರಿಯಾದರೆ, ಎಷ್ಟು ಸಮಯವಾಗುತ್ತದೆಂದು ಪ್ರತಿಯೊಬ್ಬರಿಗೂ ಗೊತ್ತು. ಹೆಪ್ಪು ಕರಗಿಸುವ ಚುಚ್ಚುಮದ್ದು ನೋವು ಶುರುವಾದ ಮೊದಲ ಒಂದೆರಡು ಗಂಟೆಗಳಲ್ಲಿ ಕೊಟ್ಟರೆ ಅತಿ ಹೆಚ್ಚು ಪ್ರಯೋಜನ. ಹನ್ನೆರಡು ಗಂಟೆ ಕಳೆದ ಮೇಲೆ ಸಾಮಾನ್ಯವಾಗಿ ಅದರಿಂದ ಫಲವಿಲ್ಲ. ಹೊತ್ತು ಕಳೆದಂತೆ ಬಲೆಯ ಎಳೆಗಳು ಬಿಗಿದುಕೊಳ್ಳುತ್ತವೆ, ಅತ್ತ ರಕ್ತ ಸಿಗದ ಸ್ನಾಯು ಸಾಯುತ್ತ ಹೋಗುತ್ತದೆ. ಆ ಮೇಲೆ ಹೆಪ್ಪು ಕರಗಿದರೂ ಸತ್ತ ಸ್ನಾಯು ಮರಳಿ ಬಾರದು.

ನಮ್ಮ ಜನ ಹೊತ್ತು ಕಳೆಯುವುದು ಹೆಚ್ಚಾಗಿ ದಾರಿಯಲ್ಲಲ್ಲ, ಮನೆಯಲ್ಲಿ. ಗ್ಯಾಸ್ಟ್ರಿಕ್ ಇರಬೇಕೆಂದು ಸೋಡಾ ಕುಡಿದು, ಜೀರಿಗೆ ಕಷಾಯ ಮಾಡಿಸಿ, ಬೆಳಗಾಗಲಿ ನೋಡೋಣವೆಂದು ಮಲಗುವುದು. ಎದೆಯ ಮೇಲೆ ಕಾಫಿ ಮೂಟೆ ಇಟ್ಟಂತಹ ಭಾರ, ಎಡಗೈಗೋ ದವಡೆಗೋ ಬೆನ್ನಿಗೋ ಹರಡುವ ನೋವು, ತಣ್ಣನೆಯ ಬೆವರು, ಉಸಿರುಗಟ್ಟುವಿಕೆ, ಇವುಗಳಲ್ಲಿ ಯಾವುದೇ ಬಂದು ಹತ್ತು ಹದಿನೈದು ನಿಮಿಷದಲ್ಲಿ ಇಳಿಯದಿದ್ದರೆ 108ಕ್ಕೆ ಕರೆ ಮಾಡಬೇಕು. ಸಿಹಿಮೂತ್ರ ಇರುವವರಿಗೂ ಹೆಂಗಸರಿಗೂ ನೋವೇ ಇಲ್ಲದೆ ಬರಿಯ ಸುಸ್ತು, ವಾಕರಿಕೆಯಾಗಿಯೂ ಕಾಣಿಸಬಹುದು. ರೋಗಿಯನ್ನು ನಡೆಸಬಾರದು, ಸ್ವತಃ ಜೀಪು ಓಡಿಸಲು ಬಿಡಬಾರದು. ಆಸ್ಪಿರಿನ್ ಕೊಡುವ ವಿಷಯವನ್ನು ಫೋನಿನಲ್ಲಿ ವೈದ್ಯರನ್ನೇ ಕೇಳಬೇಕು. ಬಾಯಿ ಸೊಟ್ಟಗಾಗಿ, ಕೈಕಾಲು ಬಿದ್ದು, ಮಾತು ತೊದಲಿದರೆ ಮಾತ್ರ ಆಸ್ಪಿರಿನ್ ಕೊಡಲೇಬಾರದು. ಏಕೆಂದರೆ ಪಾರ್ಶ್ವವಾಯು ಹೆಪ್ಪಿನಿಂದಲೂ ಬರುತ್ತದೆ, ನಾಳ ಒಡೆದೂ ಬರುತ್ತದೆ. ಸ್ಕ್ಯಾನ್ ಮಾಡದೆ ಯಾವುದೆಂದು ಹೇಳಲಾಗದು. ಅದರಲ್ಲಿ ಚುಚ್ಚುಮದ್ದಿಗೆ ಇರುವ ಅವಧಿ ನಾಲ್ಕೂವರೆ ಗಂಟೆ ಮಾತ್ರ.

2021ರಲ್ಲಿ ತೀರಿಕೊಂಡ ನಟ ಪುನೀತ್ ರಾಜ್‌ಕುಮಾರ್ ಅವರ ಹೆಸರಿನಲ್ಲಿ ರಾಜ್ಯ ಸರ್ಕಾರ 2023ರಲ್ಲಿ ಪ್ರಕಟಿಸಿದ ಹೃದಯ ಜ್ಯೋತಿ ಯೋಜನೆಯ ಉದ್ದೇಶವೇ ಇದು. ತಾಲೂಕು ಮಟ್ಟದ ಆಸ್ಪತ್ರೆಯಲ್ಲಿ ಇ.ಸಿ.ಜಿ. ತೆಗೆದು, ಅದನ್ನು ಕೂಡಲೇ ತಜ್ಞರಿಗೆ ಕಳಿಸಿ, ಅವರು ಹೌದೆಂದರೆ ಟೆನೆಕ್ಟಿಪ್ಲೇಸ್ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಟ್ಟು, ಆಮೇಲೆ ದೊಡ್ಡ ಆಸ್ಪತ್ರೆಗೆ ಸಾಗಿಸುವುದು. ಸಂತೆಗೋ ಬ್ಯಾಂಕಿಗೋ ಸಕಲೇಶಪುರ, ಆಲೂರಿಗೆ ಹೋದ ದಿನ ಸರ್ಕಾರಿ ಆಸ್ಪತ್ರೆಯಲ್ಲಿ ಈ ಚುಚ್ಚುಮದ್ದು ಇದೆಯೇ, ರಾತ್ರಿ ಇ.ಸಿ.ಜಿ. ತೆಗೆಯುವವರು ಇರುತ್ತಾರೆಯೇ ಎಂದು ವಿಚಾರಿಸಿಟ್ಟುಕೊಳ್ಳಿ. ಲೈನ್‌ಮನೆಗಳಲ್ಲಿರುವ ಆಳುಗಳಿಗೂ ಇದನ್ನು ತಿಳಿಸಿರಿ. ರಾತ್ರಿ ವಾಹನವಿಲ್ಲದೆ ಕಷ್ಟಪಡುವವರು ಅವರೇ.

ಬೂಷ್ಟಿನ ಬಳಕೆ

ಕೊನೆಗೆ ಬೂಷ್ಟಿನ ನಿಜವಾದ ಉಪಯೋಗದ ಬಗ್ಗೆ ಎರಡು ಮಾತು. ಬವೇರಿಯಾ ಜೀವಂತ ವಸ್ತು. ಪೊಟ್ಟಣವನ್ನು ಬಿಸಿಲಿನಲ್ಲಿ, ಗೊಬ್ಬರದ ಚೀಲಗಳ ನಡುವೆ ಇಟ್ಟರೆ ಸಾಯುತ್ತದೆ. ಅವಧಿ ಮುಗಿದದ್ದನ್ನು ಕೊಳ್ಳಬೇಡಿ. ಮೋಡ ಕವಿದ ಸಂಜೆ, ತೇವವಿರುವಾಗ ಕಾಯಿಗೊಂಚಲು ನೆನೆಯುವಂತೆ ಸಿಂಪಡಿಸಬೇಕು. ಬೋರ್ಡೋ ದ್ರಾವಣ ಕಲಸಿದ ಪೀಪಾಯಿಯಲ್ಲಿಯೇ ಇದನ್ನು ಕಲಸುವುದು ದೊಡ್ಡ ತಪ್ಪು. ಎಲೆ ತುಕ್ಕಿಗೂ ಅಡಿಕೆಯ ಕೊಳೆರೋಗಕ್ಕೂ ಹೊಡೆಯುವ ಮೈಲುತುತ್ತವು ಈ ಬೂಷ್ಟನ್ನೂ ಕೊಲ್ಲುತ್ತದೆ. ಎರಡರ ನಡುವೆ ಎಷ್ಟು ದಿನ ಬಿಡಬೇಕೆಂದು ಕಾಫಿ ಮಂಡಳಿಯ ಸಂಪರ್ಕಾಧಿಕಾರಿಗಳನ್ನು ಕೇಳಿ ನಡೆಯಿರಿ. ಬೂಷ್ಟೊಂದನ್ನೇ ನಂಬಿ ಉದುರು ಕಾಯಿ ಆರಿಸುವುದನ್ನು ಬಿಟ್ಟರೆ ಮುಂದಿನ ವರ್ಷ ಕೊರಕ ಇಮ್ಮಡಿಯಾಗುತ್ತದೆ. ಆರಿಸಿದ ಕೊರಕದ ಕಾಯಿಗಳನ್ನು ಕುದಿಯುವ ನೀರಿನಲ್ಲಿ ಎರಡು ಮೂರು ನಿಮಿಷ ಅದ್ದಿ ಒಣಗಿಸುವುದನ್ನು ಮರೆಯಬೇಡಿ.

ಸಿಂಪಡಿಸದ ತೋಟದಲ್ಲಿಯೂ ತೂತಿನ ಬಾಯಲ್ಲಿ ಬಿಳಿ ಬೂಷ್ಟು ಕಂಡ ಸದಸ್ಯರು ಅಂತಹ ಹತ್ತಾರು ಕಾಯಿಗಳನ್ನು ಪ್ಲಾಸ್ಟಿಕ್ಕಿನಲ್ಲಲ್ಲ, ಕಾಗದದ ಪೊಟ್ಟಣದಲ್ಲಿ ಕಟ್ಟಿ, ಕಂಡ ದಿನಾಂಕ ಮತ್ತು ತೋಟದ ಗುರುತು ಬರೆದು ಸಂಘದ ಕಚೇರಿಗೆ ತಲುಪಿಸಿರಿ. ನಮ್ಮ ಮಳೆಗೂ ಚಳಿಗೂ ಒಗ್ಗಿದ ಬೂಷ್ಟು ಯಾವ ತೋಟದಲ್ಲಿ ಇದೆಯೆಂದು ತಿಳಿಯಲು ಇದು ಬೇಕಾಗಿದೆ.